ಎಲ್ಲಿಗೆ ಬಂದಿತ್ತರೀ ಕತಿ

ರೂವಿಯ ಹಮ್ರಿಯಾ ಓಣಿ. ರಾತ್ರಿ ಹತ್ತೂವರೆ.
ಷಟರು ಅರ್ಧ ಎಳೆದಿದೆ; ಕೆಳಗಿನ ಸಂದಿಯಲ್ಲಿ
ದಾಟಿಹೋಗುವ ಚಪ್ಪಲಿಗಳಷ್ಟೇ ಕಾಣುತ್ತವೆ.
ಇಸ್ತ್ರಿ ಮೇಜಿನ ತುದಿಗೆ ಸ್ಟೀಲಿನ ಲೋಟ,
ಲೋಟದೊಳಗೆ ಫೋನು ನಿಲ್ಲಿಸಿದ್ದೇನೆ.
ದನಿ ತುಸು ದೊಡ್ಡದಾಗುತ್ತದೆ ಹಾಗೆ,
ಬಾವಿಯೊಳಗಿಂದ ಯಾರೋ ಕರೆದಂತೆ.

"ಎಲ್ಲಿಗೆ ಬಂದಿತ್ತರೀ ಕತಿ?"
ಪ್ರತಿ ಗುರುವಾರ ಇದೇ ಅವಳ ಮೊದಲ ಮಾತು.
ಹಬೆಯೊಳಗಿಂದ ನಾನು ಹೇಳುತ್ತೇನೆ:
"ಸಾವ್ಕಾರನ ಕಟ್ಟಿಗೆ ಬಂದಿತ್ತವ್ವಾ."
ಅವಳಿಗೆ ಕೇಳುವುದಿಲ್ಲ. ಆದರೂ ಒಂದು ಗಳಿಗೆ ತಡೆದೇ
ಮುಂದುವರಿಸುತ್ತಾಳೆ. ಆ ತಡೆ ನನ್ನದು.

ಕತೆ ಹೀಗೆ: ಒಬ್ಬಾಕೆ ತನ್ನ ಹೆಸರನ್ನು ಅಡವಿಟ್ಟಳು,
ಎರಡು ಸೇರು ಜೋಳಕ್ಕೆ.
ಸಾಹುಕಾರ ಅದನ್ನು ಸಂದೂಕದಲ್ಲಿಟ್ಟು ಬೀಗ ಹಾಕಿದ.
ಅಂದಿನಿಂದ ಅವಳನ್ನು ಕೂಗಲು ಬಾಯಿ ತೆರೆದರೆ
ಊರವರ ಬಾಯಲ್ಲಿ ಬರೀ ಗಾಳಿ.
ಇದು ಏಳನೆಯ ಕಂತು. ಹೆಸರಿನ್ನೂ ಬಿಡಿಸಿಕೊಂಡಿಲ್ಲ.
(ನನ್ನ ಪಾಸ್‌ಪೋರ್ಟು ಮುದಲಾಳಿಯ ಡ್ರಾಯರಿನಲ್ಲಿದೆ.
ಒಳ್ಳೆಯ ಮನುಷ್ಯ, ಕೇಳಿದರೆ ಕೊಡುತ್ತಾನೆ.
ಕೇಳಿಲ್ಲ.)

ರಫೀಕುಲ್ ಬರಿಸಾಲಿನವನು. ಅವನಿಗೆ ಬರುವ ಕನ್ನಡ
"ಸಾಕು", "ಬಿಸಿ", ಮತ್ತೊಂದು ಬೈಗುಳ.
ಆದರೂ ಕುಮ್ಮಾ ಟೊಪ್ಪಿಗಳಿಗೆ ಗಂಜಿ ಹಾಕುತ್ತಾ
ಸಾಹುಕಾರ ಕೆಮ್ಮಿದಾಗ ಸರಿಯಾಗಿ ನಗುತ್ತಾನೆ,
ಆಕೆ ಅತ್ತಾಗ ಕೈ ನಿಲ್ಲಿಸುತ್ತಾನೆ.
"ವೋ ಔರತ್ ಕಾ ಕ್ಯಾ ಹುವಾ?" ಎಂದು ಶುಕ್ರವಾರ ಬೆಳಿಗ್ಗೆ
ಹಲ್ಲುಜ್ಜುತ್ತಲೇ ಕೇಳುತ್ತಾನೆ.
ನನ್ನ ಮುರುಕು ಹಿಂದಿಯಲ್ಲಿ
ಜೋಳ ಅಕ್ಕಿಯಾಗುತ್ತದೆ, ಹಳ್ಳ ಹೊಳೆಯಾಗುತ್ತದೆ,
ಅವನ ಕಡೆಯ ದೋಣಿಯೊಂದು ಹೇಗೋ ಒಳಗೆ ಬಂದುಬಿಡುತ್ತದೆ.

ನಮ್ಮವ್ವ ಕಂಪ್ಲಿಯಲ್ಲಿ ಮನೆಮನೆಗೆ ಬಟ್ಟೆ ಮುಟ್ಟಿಸುತ್ತಿದ್ದಳು.
ರೇಡಿಯೋದಲ್ಲಿ ನಾಟಕ ಬರುವ ರಾತ್ರಿ
ಮೇಷ್ಟರ ಕಿಟಕಿಯ ಕೆಳಗೆ ಗಂಟು ಬಿಚ್ಚಿ
ಎಣಿಸಿದ್ದನ್ನೇ ಎಣಿಸುವಳು, ಒಂದು ಪಂಚೆ, ಎರಡು ಲಂಗ,
ಒಂದು ಪಂಚೆ, ಎರಡು ಲಂಗ,
ಒಳಗೆ ರಾಣಿ ವಿಷ ಕುಡಿಯುವ ತನಕ.
ಆಮೇಲೆ ಬಾಗಿಲು ತಟ್ಟುವಳು.
ಮೇಷ್ಟರ ಹೆಂಡತಿಗೆ ಗೊತ್ತಿತ್ತೋ ಏನೋ,
ಎಷ್ಟೇ ಸೊಳ್ಳೆ ಇರಲಿ, ನಾಟಕದ ದಿನ
ಆ ಕಿಟಕಿ ಮುಚ್ಚುತ್ತಿರಲಿಲ್ಲ.

ಈ ಗುರುವಾರ ದನಿ ಬೇರೆ ಇತ್ತು.
ತಗಡಿನ ಡಬ್ಬಿಗೆ ಕಾಳು ಬಿದ್ದ ಹಾಗೆ; ಪ್ರತಿ ಮಾತಿನ ಹಿಂದೆ
ಒಂದು ಮರಿಮಾತು.
"ತಪ್ಪು ತಿಳ್ಕೋಬ್ಯಾಡ್ರಿ," ಅಂದಳು. "ನಾ ಕತಿ ಹೇಳೋದು
ಬಟ್ಟಿ ಬೀರುವಿನೊಳಗ ಕುಂತು. ಎ.ಸಿ. ಆರಿಸಿ, ಬಾಗ್ಲಾ ಎಳ್ಕೊಂಡು.
ಸೀರಿ, ಇವರ ಕೋಟು, ಹುಡುಗ್ರ ಯೂನಿಫಾರ್ಮು
ಸಪ್ಪಳಾನ ಕುಡೀತಾವ. ಈ ವಾರ ಎಲ್ಲಾ
ಲಾಂಡ್ರಿಗೆ ಹೋಗ್ಯಾವ."
ಅವಳ ಹಿಂದೆ, ಸಣ್ಣಗೆ, ಬಾಂಗು. ಅದಕ್ಕೂ ಮೊದಲೊಂದು ಕೆಮ್ಮು.
ಆ ಕೆಮ್ಮು ನನಗೆ ಗೊತ್ತು.
ನಮ್ಮ ಓಣಿಯ ಮಸೀದಿಯ ಮುದುಕ
ಮೈಕು ಹಾಕಿದ ಮೇಲೇ ಗಂಟಲು ಸರಿಮಾಡಿಕೊಳ್ಳುವುದು.

ಇಸ್ತ್ರಿಪೆಟ್ಟಿಗೆ ಎತ್ತಿ ಹಿಡಿದೇ ನಿಂತೆ.
ಹಿಂದಿನ ಕಪಾಟಿನಲ್ಲಿ ಇಪ್ಪತ್ತಮೂರು ಗಂಟು.
ಗಂಟಿಗೊಂದು ಚೀಟಿ, ಚೀಟಿಗೊಂದು ನಂಬರು.
ಹೆಸರು ಬರೆಯುವ ಪದ್ಧತಿ ನಮ್ಮಲ್ಲಿಲ್ಲ.
ಹುಡುಕಬಹುದಿತ್ತು. ಸೀರೆ ಇದ್ದವು ಒಂಬತ್ತು,
ಜೊತೆಗೆ ಯೂನಿಫಾರ್ಮೂ ಇದ್ದವು ನಾಲ್ಕು,
ಅದರಲ್ಲಿ ಕೋಟೂ ಇದ್ದದ್ದು...
ಎಣಿಕೆ ಅಲ್ಲಿಗೇ ನಿಲ್ಲಿಸಿದೆ.
"ಅರ್ಜೆಂಟ್," ಅಂದೆ ರಫೀಕುಲ್‌ಗೆ.
"ಯಾವುದು?" ಎಂಬಂತೆ ಹುಬ್ಬೇರಿಸಿದ.
"ಎಲ್ಲವೂ."

ಬೆಳಗಿನ ಜಾವದ ತನಕ ಉಜ್ಜಿದೆವು,
ಅಂಚಿನ ಸುಕ್ಕನ್ನೂ ಬಿಡದೆ, ಬಗಲಿನ ಹೊಲಿಗೆಯನ್ನೂ ಬಿಡದೆ.
ಕಟ್ಟುವಾಗ ಎಣಿಸಿದೆ. ಮತ್ತೆ ಎಣಿಸಿದೆ.

ಮುಂದಿನ ಗುರುವಾರ. ಲೋಟದೊಳಗೆ ಫೋನು.
ದನಿ ಮೆತ್ತಗಾಗಿತ್ತು, ಮರಿಮಾತು ಇರಲಿಲ್ಲ.
"ಎಲ್ಲಿಗೆ ಬಂದಿತ್ತರೀ ಕತಿ?"
ನಾನು ಬಾಯಿ ತೆರೆಯುವ ಮೊದಲೇ ರಫೀಕುಲ್
ಗಂಜಿಯ ಕೈ ಎತ್ತಿ ತನ್ನ ಭಾಷೆಯಲ್ಲಿ ಏನೋ ಅಂದ.
ದೋಣಿಯ ಮಾತೂ ಇತ್ತು ಅದರಲ್ಲಿ.
ಅವಳು ತಡೆದಳು,
ಇಬ್ಬರಿಗೂ ಸಾಲುವಷ್ಟು.